ಗರಿ ಹದವಾಗುವ ಮೊದಲೇ ಮುಗಿಯುವ ಪಾಠ

ಹವಾಯಿ ದ್ವೀಪಗಳಲ್ಲಿ ಹಾಲಾ ಎಂಬ ಮರದ ಎಲೆಯಿಂದ ಚಾಪೆ, ಬುಟ್ಟಿ, ಟೋಪಿ ಹೆಣೆಯುತ್ತಾರೆ. ಹಿಂದೆ ದೋಣಿಯ ಹಾಯಿಯನ್ನೂ ಹೆಣೆಯುತ್ತಿದ್ದರು. ಹಾಲಾ ನಮ್ಮ ಕೇದಿಗೆಯ ಬಳಗದ್ದೇ. ಎಲೆಯ ಎರಡೂ ಅಂಚಿಗೆ, ನಡುನರದ ಹಿಂಬದಿಗೆ ಮುಳ್ಳು. ಎಲೆ ಆಯ್ದು, ಮುಳ್ಳು ಸವರಿ, ಒರೆಸಿ, ಮೆದುಗೊಳಿಸಿ, ಸುರುಳಿ ಸುತ್ತಿಟ್ಟು, ಒಂದೇ ಅಗಲದ ಪಟ್ಟಿಗಳಾಗಿ ಸೀಳಿಕೊಂಡ ಮೇಲೆಯೇ ಹೆಣಿಗೆ. ಹೆಣೆಯುವವರ ದುಡಿಮೆಯ ದೊಡ್ಡ ಪಾಲು ಈ ತಯಾರಿಗೇ ಹೋಗುತ್ತದೆ. ಪ್ರವಾಸಿಗರಿಗೆಂದು ನಡೆಸುವ ಒಂದೆರಡು ಗಂಟೆಯ ಪಾಠದಲ್ಲಿ ಮಾತ್ರ ಪಟ್ಟಿ ಸಿದ್ಧವಾಗಿ ಕೈಗೆ ಬರುತ್ತದೆ. ಒಂದು ಕೈಬಳೆ ಹೆಣೆದು ಎದ್ದರೆ ಕಲಿಕೆ ಮುಗಿಯಿತು.

ರಾಮನಗರ, ಚನ್ನಪಟ್ಟಣದ ಕಡೆ ಬೆಂಗಳೂರಿಗರಿಗಾಗಿ ನಡೆಯುವ ವಾರಾಂತ್ಯದ ಕಾರ್ಯಾಗಾರಗಳಿಗೂ ಇದೇ ಕೊರತೆ. ಚನ್ನಪಟ್ಟಣದ ಬೊಂಬೆ ಕೆಲಸವನ್ನೇ ನೋಡಿ. ಆಲೆ ಮರ ಒಣಗಬೇಕು, ಕಡೆಯುವವನ ಉಳಿ ಹಿಡಿತಕ್ಕೆ ಬರಬೇಕು, ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಹುಟ್ಟುವ ಬಿಸಿಗೆ ಬಣ್ಣ ಕರಗಿ ಹತ್ತಬೇಕು. ಕೊನೆಗೆ ತಾಳೆ ಗರಿ ಒತ್ತಿ ಹಿಡಿದರೆ ಅರಗು ಸಮನಾಗಿ ಹರಡಿ ಹೊಳಪು ಬರುತ್ತದೆ. ಆ ಗರಿಯೂ ಕೇದಿಗೆಯ ಜಾತಿಯದೇ. ಅತಿಥಿಯ ಪಾಲಿಗೆ ಬರುವುದು ಸಾಮಾನ್ಯವಾಗಿ ಅರಗು ಒತ್ತುವ ಆ ಒಂದು ನಿಮಿಷ. ಗರಿಯನ್ನು ಯಾವಾಗ ಕೊಯ್ಯಬೇಕು, ಎಷ್ಟು ಒತ್ತಬೇಕು ಎಂದು ಕೇಳುವ ವೇಳೆಗೆ ಮುಂದಿನ ತಂಡ ಬಾಗಿಲಲ್ಲಿರುತ್ತದೆ.

ಇಂಥ ಕಾರ್ಯಾಗಾರಗಳು ವ್ಯರ್ಥವೆಂದು ನಾನು ಹೇಳಲಾರೆ. ಹೆಣಿಗೆಯ ಬಿಗಿ ಎಂಬುದು ಕಣ್ಣಿಗೆ ತಿಳಿಯುವ ಸಂಗತಿಯಲ್ಲ, ಬೆರಳಿಗೇ ತಿಳಿಯಬೇಕು. ಒಮ್ಮೆ ಕೂತು ಹೆಣೆದವರು ಸಂತೆಯಲ್ಲಿ ಚಾಪೆಯ ಬೆಲೆಯನ್ನು ಕೊಸರಿ ಕೇಳಲು ಹಿಂಜರಿಯುತ್ತಾರೆ; ಅದೇ ದೊಡ್ಡ ಲಾಭ. ನನ್ನ ತಕರಾರು ಇರುವುದು ಬೇರೆ ಕಡೆ. ಒಂದರ ಮೇಲೆ, ಒಂದರ ಕೆಳಗೆ ಎಂಬ ಹೆಣಿಗೆ ಮಕ್ಕಳಿಗೂ ಬರುತ್ತದೆ. ವಿದ್ಯೆ ಇರುವುದು ಅದಕ್ಕೂ ಮುಂಚೆ, ಎಲೆಯ ಹದದಲ್ಲಿ. ಸಮಯ ಉಳಿಸಲೆಂದು ಮೊದಲು ಕತ್ತರಿಸುವುದು ಆ ಭಾಗವನ್ನೇ.

ರಾಮನಗರದ ಜಾನಪದ ಲೋಕಕ್ಕೆ ಹೋದಾಗಲೆಲ್ಲ ಈ ಯೋಚನೆ ಕಾಡುತ್ತದೆ. ಎಚ್.ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿ, 1994ರಲ್ಲಿ ಹೆದ್ದಾರಿಯ ಬದಿಯ 15 ಎಕರೆಯಲ್ಲಿ ಈ ಲೋಕವನ್ನು ನಿಲ್ಲಿಸಿದರು. ಅಲ್ಲಿನ ಲೋಕಮಾತಾ ಮಂದಿರದಲ್ಲಿ ಮನೆಬಳಕೆಯ ವಸ್ತುಗಳನ್ನು ಅಕ್ಕರೆಯಿಂದ ಕೂಡಿಟ್ಟಿದ್ದಾರೆ. ಇಂಥ ಸಂಗ್ರಹ ಕೈತಪ್ಪಿದ್ದರೆ ಮತ್ತೆ ಸಿಗುತ್ತಿರಲಿಲ್ಲ. ಆದರೆ ವಸ್ತು ಉಳಿದ ಮಾತ್ರಕ್ಕೆ ಕೈ ಉಳಿಯುವುದಿಲ್ಲ. ರೇಷ್ಮೆಹುಳು ಗೂಡು ಕಟ್ಟುವ ಚಂದ್ರಿಕೆಯನ್ನೇ ನೆನೆಯಿರಿ. ಬಿದಿರಿನ ಚಾಪೆಯ ಮೇಲೆ ಬಿದಿರಿನದೇ ಪಟ್ಟಿಯನ್ನು ಸುರುಳಿಯಾಗಿ ನಿಲ್ಲಿಸಿ ಮೇದರರು ಮಾಡಿಕೊಡುತ್ತಿದ್ದ ಆ ಅದ್ಭುತ ಹೆಣಿಗೆಯ ಜಾಗಕ್ಕೆ ಪ್ಲಾಸ್ಟಿಕ್ಕಿನ ಮಡಚುವ ಚಂದ್ರಿಕೆ ಬಂದಿದೆ. ರೈತನಿಗೆ ಅನುಕೂಲವಾದದ್ದನ್ನು ಬೇಡವೆನ್ನಲು ನಾವು ಯಾರು? ಬಳಕೆ ತಪ್ಪಿದ್ದನ್ನು ಕಾರ್ಯಾಗಾರವೊಂದೇ ಉಳಿಸಲಾರದು.

ಬಳಕೆ ಇನ್ನೂ ತಪ್ಪದಿರುವುದು ತೆಂಗಿನ ಗರಿಗೆ. ರಾಮನಗರದ ಸುತ್ತಿನ ತಾಲ್ಲೂಕುಗಳಲ್ಲಿ ಎಲೆ ಹೆಣಿಗೆ ಕಲಿಸುವುದಾದರೆ ಪಾಠ ಅಲ್ಲಿಂದಲೇ ಶುರುವಾಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಚನ್ನಪಟ್ಟಣದ ತೋಟದಲ್ಲಾಗಲಿ ಮಾಗಡಿಯ ಮನೆ ಹಿತ್ತಿಲಲ್ಲಾಗಲಿ ಗರಿಗೆ ಕಾಸು ಕೊಡಬೇಕಿಲ್ಲ. ಮರದಿಂದ ಇಳಿಸುವುದು, ನಡುದಿಂಡನ್ನು ಉದ್ದಕ್ಕೆ ಸೀಳುವುದು, ಎಳೆಗಳನ್ನು ಓರೆಯಾಗಿ ಹೆಣೆಯುತ್ತ ಹೋಗಿ ತುದಿ ಗಂಟು ಹಾಕುವುದು, ಎಲ್ಲವೂ ಕಲಿಯುವವರ ಕಣ್ಣೆದುರೇ ಅರ್ಧ ದಿನದಲ್ಲಿ ಆಗುವ ಕೆಲಸ. ಚಪ್ಪರಕ್ಕಾದರೆ ಹಸಿ ಗರಿ ಸಾಕು. ಮಾಡಿಗಾದರೆ ನೀರಲ್ಲಿ ನೆನೆಹಾಕಬೇಕು. ಯಾವುದಕ್ಕೆ ಯಾವ ಹದ ಎಂಬುದನ್ನು ಕಲಿತವರು ನಿಜವಾಗಿ ಏನನ್ನೋ ಕಲಿತರು. ಸೀಳುವಾಗ ದಿಂಡು ಒಂದು ಕಡೆಗೆ ಜಾರಿ ಗರಿಯೇ ಹಾಳಾದರೂ ಚಿಂತೆಯಿಲ್ಲ, ಇನ್ನೊಂದು ಗರಿ ಅಲ್ಲೇ ಬಿದ್ದಿರುತ್ತದೆ. ಹಾಲಾ ಎಲೆಯ ಟೋಪಿಗೆ ಈ ಸೌಕರ್ಯವಿಲ್ಲ. ಅದು ವರ್ಷಗಟ್ಟಲೆ ಗುರುವಿನ ಬಳಿ ಕೂತು ಕಲಿಯುವ ವಿದ್ಯೆ, ಒಂದು ಮಧ್ಯಾಹ್ನಕ್ಕೆ ಒಗ್ಗದು.

ಮತ್ತೊಂದು ಮಾತನ್ನು ಬಿಗಿಯಾಗಿಯೇ ಹೇಳಬೇಕಿದೆ. ನಾನು ಕೂತ ಒಂದು ತರಗತಿಯಲ್ಲಿ ಮಾತೆಲ್ಲ ಆಯೋಜಕರದು. ಗರಿ ಹೆಣೆಯುವ ಹಿರಿಯರು ಪಕ್ಕದಲ್ಲಿ ಕೂತು ತಪ್ಪಿದ ಎಳೆಗಳನ್ನು ಸುಮ್ಮನೆ ಸರಿಪಡಿಸುತ್ತಿದ್ದರು. ಇದು ತಿರುಗುಮುರುಗಾಗಬೇಕು. ಪಾಠ ಅವರದಾಗಬೇಕು, ಶುಲ್ಕದ ದೊಡ್ಡ ಪಾಲೂ ಅವರದೇ ಆಗಬೇಕು. ದಿನವನ್ನು ಗೊತ್ತುಮಾಡುವವರೂ ಅವರೇ ಆದರೆ ಮದುವೆಯ ಲಗ್ನಗಳು ಶುರುವಾಗುವ ಮುನ್ನ ತರಗತಿ ಇಟ್ಟುಕೊಳ್ಳಬಹುದು. ಆಗ ಕಲಿತವರ ಗರಿ ಕೈಬಳೆಯಂತೆ ಮೇಜಿನ ಖಾನೆ ಸೇರದೆ ಊರಿನ ಯಾವುದಾದರೂ ಚಪ್ಪರ ಏರುತ್ತದೆ. ಹೆಣಿಗೆ ಸಡಿಲವಾದ ಕಡೆಯಲ್ಲೆಲ್ಲ ಬಿಸಿಲು ಇಳಿಯುತ್ತದೆ, ಕೆಳಗೆ ಕೂತ ನೆಂಟರು ತಲೆಯೆತ್ತಿ ಯಾರು ಹೆಣೆದದ್ದು ಎಂದು ಕೇಳಿಯೇ ಕೇಳುತ್ತಾರೆ.