ಹಾಡಿನ ದಾಖಲೆ, ಮಾತಿನ ದಾಖಲೆ: ಹಾಲಕ್ಕಿ ಕನ್ನಡವನ್ನು ಕುರಿತು

ಅಂಕೋಲೆ ತಾಲೂಕಿನ ಬಡಗೇರಿಯ ಸುಕ್ರಿ ಬೊಮ್ಮಗೌಡರು 2025ರ ಫೆಬ್ರವರಿಯಲ್ಲಿ ತೀರಿಕೊಂಡರು. 2017ರಲ್ಲಿ ಪದ್ಮಶ್ರೀ ಪಡೆದ ಈ ಹಾಡುಗಾರ್ತಿಯ ಕಂಠಸ್ಥ ಭಂಡಾರದಲ್ಲಿ ಎಷ್ಟು ಉಳಿಯಿತು, ಎಷ್ಟು ಹೋಯಿತು ಎಂಬ ಕಳವಳ ಸಹಜವೇ. ಆದರೆ ಹಾಲಕ್ಕಿ ಒಕ್ಕಲಿಗರ ಪರಂಪರೆಯ ದಾಖಲೀಕರಣವೆಂದರೆ ಹಾಡಿನ ಸಂಗ್ರಹವೇ ಎಂಬ ನಮ್ಮ ಗ್ರಹಿಕೆ ಮರುಪರಿಶೀಲನೆಗೆ ಅರ್ಹವಾಗಿದೆ.

ಎಲ್. ಆರ್. ಹೆಗಡೆ, ಎನ್. ಆರ್. ನಾಯಕ ಮೊದಲಾದವರು ಉತ್ತರ ಕನ್ನಡದ ಜನಪದ ಸಾಹಿತ್ಯಕ್ಕಾಗಿ ಪಟ್ಟ ಶ್ರಮದ ಋಣ ನಮ್ಮ ಮೇಲಿದೆ. ಅವರು ಅರಸಿದ್ದು ಸಾಹಿತ್ಯವನ್ನು. ಅಂಥ ಸಂಕಲನಗಳನ್ನು ಭಾಷಿಕ ಆಕರವೆಂದು ಓದುವಾಗ ಎಡವುವವರು ನಾವು. ಮುದ್ರಿತ ಪಾಠದಲ್ಲಿ ಕಾಣುವ ದೀರ್ಘಸ್ವರ ಆಡುಮಾತಿನದೋ ಧಾಟಿಯ ಎಳೆತದ್ದೋ ಎಂದು ಪುಟವನ್ನಷ್ಟೇ ನೋಡಿ ಹೇಳಲಾಗದು. ಬಾಯಲ್ಲಿ ಇರದ ಮಹಾಪ್ರಾಣ ಕರಡು ತಿದ್ದುವಾಗ ಸೇರಿಕೊಂಡಿರಬಹುದು. ಅರ್ಥವಿಲ್ಲದ ಸೊಲ್ಲುಗಳು, ಒಬ್ಬರು ಹೇಳಿದ್ದನ್ನು ಉಳಿದವರು ಮರಳಿ ಹಾಡುವ ಕ್ರಮ ಇವು ಅಚ್ಚಿನಲ್ಲಿ ಮೊದಲು ಬಿದ್ದುಹೋಗುವಂಥವು. ಹಾಡು ಹಳೆಯ ಪದಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಡುವವರೇ ಅಂಗಳದಲ್ಲಿ ಅವನ್ನು ಆಡುತ್ತಿರಬೇಕೆಂದಿಲ್ಲ. ಹೀಗಿರುವಾಗ ಹಾಡಿನಲ್ಲಿ ಸಿಕ್ಕಿತೆಂಬ ಒಂದೇ ಆಧಾರದಿಂದ ಒಂದು ರೂಪವನ್ನು ‘ಹಾಲಕ್ಕಿ ಕನ್ನಡದ ರೂಪ’ ಎನ್ನುವುದು ಅವಸರದ ನಿರ್ಣಯ.

ಎ. ಎಸ್. ಆಚಾರ್ಯ ಅವರ ‘ಹಾಲಕ್ಕಿ ಕನ್ನಡ’ (ಡೆಕ್ಕನ್ ಕಾಲೇಜು, ಪುಣೆ, 1967) ಈ ಉಪಭಾಷೆಯ ವ್ಯವಸ್ಥಿತ ವಿವರಣೆ. ನಾವು ಇಂದಿಗೂ ಅದನ್ನೇ ವರ್ತಮಾನಕಾಲದಲ್ಲಿ ಉಲ್ಲೇಖಿಸುತ್ತೇವೆ! ಈ ನಡುವೆ ಶಾಲೆಯ ಕನ್ನಡ ಮನೆಯೊಳಗೆ ಬಂದಿದೆ. 1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ನೌಕಾನೆಲೆಗಾಗಿ ಕಾರವಾರ, ಅಂಕೋಲೆ ಕರಾವಳಿಯ ಊರುಗಳು ತೆರವಾಗಿವೆ. ಊರು ಎದ್ದುಹೋದರೆ ಯಾರು ಯಾರೊಡನೆ ಮಾತಾಡುತ್ತಾರೆ ಎಂಬುದೂ ಬದಲಾಗುತ್ತದೆ. ಉಪಭಾಷೆಯ ಅಧ್ಯಯನ ತೊಡಗಬೇಕಾದುದು ಅಲ್ಲಿಂದಲೇ. ಎರಡೂ ತಾಲೂಕುಗಳ ಮಾದರಿಗಳನ್ನು ಒಂದೇ ರಾಶಿಗೆ ಸುರಿಯುವುದೂ ಸರಿಯಲ್ಲ. ಕಾರವಾರದಲ್ಲಿ ನೆರೆಯ ಮಾತು ಬಹುಮಟ್ಟಿಗೆ ಕೊಂಕಣಿ; ಅಂಕೋಲೆಯಲ್ಲಿ ನಾಡವರ ಕನ್ನಡವೂ ಕಿವಿಗೆ ಬೀಳುತ್ತದೆ.

ಹಾಗಾಗಿ ಸುಗ್ಗಿಯ ಹಾಡಿನಷ್ಟೇ ಶ್ರದ್ಧೆಯಿಂದ ಸುಗ್ಗಿಯ ಹಗರಣದ ಅಣಕುಮಾತು, ತರಕಾರಿ ಬುಟ್ಟಿಯ ಮುಂದಿನ ಚೌಕಾಶಿ, ಅಜ್ಜಿ ಮೊಮ್ಮಗಳನ್ನು ಗದರುವ ಧಾಟಿ ದಾಖಲಾಗಬೇಕು. ಪಾಠದ ಜೊತೆ ಧ್ವನಿಯೂ ಇರಬೇಕು, ಹೇಳಿದವರ ಒಪ್ಪಿಗೆಯೊಂದಿಗೆ. ಅದರ ಒಂದು ಪ್ರತಿ ಅವರ ಊರಿನಲ್ಲಿಯೇ ಉಳಿಯಬೇಕು.

ಈ ಟೀಕೆಯಿಂದ ನಾವು ಹೊರಗಿನವರಲ್ಲ. ಧ್ವನಿಮುದ್ರಣ ಯಂತ್ರ ಹಿಡಿದು ಹೋದಾಗ ನಾವು ಮೊದಲು ಕೇಳಿದ್ದೂ ‘ಒಂದು ಹಾಡು ಹೇಳಿ’ ಎಂದೇ. ಹಾಡು ಮುಗಿದ ಮೇಲೆ ಹೆಂಗಸರು ಗದ್ದೆಯ ನೀರಿನ ವಿಷಯಕ್ಕೆ ತಮ್ಮತಮ್ಮಲ್ಲಿ ಬಹಳ ಹೊತ್ತು ವಾದಿಸಿದರು. ಆ ವೇಳೆಗೆ ನಾವು ಯಂತ್ರವನ್ನು ನಿಲ್ಲಿಸಿ ಚೀಲಕ್ಕೆ ಹಾಕಿಯಾಗಿತ್ತು.