ಸಾವನ್ನು ಎಣಿಸುವ ಬಗೆ

2021ರ ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಕ್ಸಿಜನ್ ಮುಗಿಯಿತು. ಮರುದಿನದೊಳಗೆ 24 ರೋಗಿಗಳು ಸತ್ತರು. ಆಕ್ಸಿಜನ್ ಕೊರತೆಯಿಂದ ಸತ್ತವರು ಮೂವರು ಮಾತ್ರ, ಉಳಿದವರಿಗೆ ಬೇರೆ ಕಾಯಿಲೆಗಳಿದ್ದವು ಎಂದು ಆಗಿನ ಸರಕಾರ ಹೇಳಿತು. ಈ ಬಗ್ಗೆ ರಾಜಕೀಯ ಚರ್ಚೆ ಸಾಕಷ್ಟು ನಡೆದಿದೆ. ವೈದ್ಯಕೀಯ ಸಂಶೋಧನೆಯ ಅಳತೆಗೋಲಿಟ್ಟು ನೋಡಿದರೆ ಈ ಲೆಕ್ಕ ಎಷ್ಟು ನಿಲ್ಲುತ್ತದೆ?

2020ರಲ್ಲಿ ಬ್ರಿಟನ್ನಿನ ಆಸ್ಪತ್ರೆಗಳಲ್ಲಿ 'ರಿಕವರಿ' ಎಂಬ ಪ್ರಯೋಗ ನಡೆಯಿತು. ಡೆಕ್ಸಾಮೆಥಾಸೋನ್ ಎಂಬ ಹಳೆಯ, ಅಗ್ಗದ ಔಷಧವನ್ನು 2,104 ಕೋವಿಡ್ ರೋಗಿಗಳಿಗೆ ಕೊಟ್ಟು, ಅದನ್ನು ಕೊಡದ 4,321 ಮಂದಿಯೊಂದಿಗೆ ಹೋಲಿಸಲಾಯಿತು. ಔಷಧ ಯಾರಿಗೆ ಎಂಬುದು ಚೀಟಿ ಎತ್ತಿದಂತೆ ತೀರ್ಮಾನವಾಗುತ್ತಿತ್ತು. ವೆಂಟಿಲೇಟರ್‌ನಲ್ಲಿದ್ದವರ ಪೈಕಿ ಔಷಧ ಸಿಗದವರಲ್ಲಿ ಶೇ. 41.4, ಸಿಕ್ಕವರಲ್ಲಿ ಶೇ. 29.3 ಮಂದಿ ಸತ್ತರು. ಬರಿಯ ಆಕ್ಸಿಜನ್ ಪಡೆಯುತ್ತಿದ್ದವರಲ್ಲಿ ಈ ಪ್ರಮಾಣ ಕ್ರಮವಾಗಿ ಶೇ. 26.2 ಮತ್ತು 23.3. ಆಕ್ಸಿಜನ್ ಬೇಕಿಲ್ಲದವರಿಗೆ ಪ್ರಯೋಜನ ಕಾಣಲಿಲ್ಲ. ಔಷಧದ ಈ ಫಲವೆಲ್ಲ ಆಕ್ಸಿಜನ್ ಸಿಗುತ್ತಿದ್ದ ಆಸ್ಪತ್ರೆಯಲ್ಲಿ ಕಂಡದ್ದು. ಆಕ್ಸಿಜನ್ನೇ ಇಲ್ಲದ ಕಡೆ ಅದು ಅರ್ಥವಿಲ್ಲದ ಮಾತು.

ಇಲ್ಲಿ ಗಮನಿಸಬೇಕಾದುದು ಸಾವನ್ನು ಎಣಿಸಿದ ರೀತಿ. 28 ದಿನಗಳೊಳಗೆ ಯಾವುದೇ ಕಾರಣದಿಂದ ಸತ್ತರೂ ಅದು ಲೆಕ್ಕಕ್ಕೆ ಬರುತ್ತಿತ್ತು. ಆ ರೋಗಿಗಳಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿಗೆ ಸಕ್ಕರೆ ಕಾಯಿಲೆ, ಹೃದ್ರೋಗದಂಥ ತೊಂದರೆಗಳಿದ್ದವು. ಆ ನೆಪದಲ್ಲಿ ಯಾರ ಸಾವನ್ನೂ ಪಟ್ಟಿಯಿಂದ ತೆಗೆಯಲಿಲ್ಲ. ಆಕ್ಸಿಜನ್ ಕೊರತೆ ಮೆದುಳಿಗೂ ಹೃದಯಕ್ಕೂ ಮಾಡುವ ಹಾನಿ ಸಿಲಿಂಡರ್ ಬಂದ ಕೂಡಲೇ ಅಳಿಯುವುದಿಲ್ಲ. ರೋಗಿ ದಿನಗಳ ನಂತರವೂ ಸಾಯಬಹುದು. ಹೀಗಿರುವಾಗ 'ಮೂವರು' ಎಂಬುದನ್ನು ವೈದ್ಯಕೀಯ ಲೆಕ್ಕವೆಂದು ಒಪ್ಪುವುದು ಹೇಗೆ? ಉಚ್ಚ ನ್ಯಾಯಾಲಯದ ಮೇರೆಗೆ ರಚನೆಯಾದ, ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲ ಗೌಡ ನೇತೃತ್ವದ ಸಮಿತಿಯೂ ಅದನ್ನು ಒಪ್ಪಲಿಲ್ಲ.

ಇಂಥ ಸಂಶೋಧನೆ ಶ್ರೀಮಂತ ದೇಶಗಳಿಗೆ ಮಾತ್ರ ಸಾಧ್ಯ ಎನ್ನುವಂತಿಲ್ಲ. ಐಸಿಎಂಆರ್ ನಮ್ಮದೇ 39 ಆಸ್ಪತ್ರೆಗಳಲ್ಲಿ 464 ರೋಗಿಗಳ ಮೇಲೆ ಪ್ಲಾಸ್ಮಾ ಚಿಕಿತ್ಸೆಯನ್ನು ಪರೀಕ್ಷಿಸಿತು. ಅದರಿಂದ ಸಾವು ತಗ್ಗುವುದಿಲ್ಲ ಎಂಬ ಫಲಿತಾಂಶ 2020ರ ಅಕ್ಟೋಬರ್‌ನಲ್ಲೇ ಪ್ರಕಟವಾಯಿತು. ಆದರೆ ಸರಕಾರದ ಮಾರ್ಗಸೂಚಿಯಿಂದ ಪ್ಲಾಸ್ಮಾ ಹೊರಬಿದ್ದದ್ದು 2021ರ ಮೇ ತಿಂಗಳಲ್ಲಿ. ಅಷ್ಟರಲ್ಲಿ ಎಷ್ಟು ಕುಟುಂಬಗಳು ದಾನಿಗಳಿಗಾಗಿ ಊರೂರು ಅಲೆದವು! ಲೆಕ್ಕ ಸಿದ್ಧವಿದ್ದರೂ ಅದಕ್ಕೆ ಕಿವಿಗೊಡುವ ಅಭ್ಯಾಸ ನಮ್ಮ ಆಡಳಿತಕ್ಕಿಲ್ಲ.

ಚಾಮರಾಜನಗರದಲ್ಲಿ 2016ರಿಂದ ಸರಕಾರಿ ವೈದ್ಯಕೀಯ ಕಾಲೇಜಿದೆ. ದುರಂತ ನಡೆದು ಐದು ತಿಂಗಳಲ್ಲಿ, 2021ರ ಅಕ್ಟೋಬರ್ 7ರಂದು, ಅದರ ಹೊಸ ಬೋಧನಾ ಆಸ್ಪತ್ರೆಯನ್ನು ರಾಷ್ಟ್ರಪತಿಗಳೇ ಉದ್ಘಾಟಿಸಿದರು. ಕಟ್ಟಡ ಬೇಕು, ನಿಜ. ಆದರೆ ಸತ್ತ ಪ್ರತಿ ರೋಗಿಯ ಕೇಸ್ ಶೀಟ್ ತೆರೆದು, ಯಾವ ಗಂಟೆಯಲ್ಲಿ ಏನು ಕೊಟ್ಟೆವು, ಏನು ಕೊಡಲಾಗಲಿಲ್ಲ ಎಂದು ವೈದ್ಯರೇ ಕೂತು ಪರಿಶೀಲಿಸಿ, ಅದನ್ನು ಮನೆಯವರಿಗೆ ತಿಳಿಸುವ ಪದ್ಧತಿಗೆ ಹೊಸ ಕಟ್ಟಡ ಬೇಕಿಲ್ಲ. ಅದೂ ಚಿಕಿತ್ಸೆಯ ಭಾಗವೇ. ಮುಂದಿನ ರೋಗಿಯ ಜೀವ ಉಳಿಯುವುದು ಅದರಿಂದ.

2022ರ ಸೆಪ್ಟೆಂಬರ್ 30ರಂದು ಮೃತರ ಕುಟುಂಬದವರು ಗುಂಡ್ಲುಪೇಟೆಯಲ್ಲಿ ಪಾದಯಾತ್ರೆಗೆ ಬಂದಿದ್ದ ರಾಹುಲ್ ಗಾಂಧಿಯವರ ಮುಂದೆ ಅಳಲು ತೋಡಿಕೊಂಡರು. ನಾಯಕರು ಕೇಳಿಸಿಕೊಂಡದ್ದು ಒಳ್ಳೆಯದೇ. ಆದರೆ ತಮ್ಮವರು ಹೇಗೆ ಸತ್ತರು ಎಂಬ ಪ್ರಶ್ನೆಗೆ ಉತ್ತರ ಸಿಗಬೇಕಾದುದು ರಾಜಕೀಯದ ವೇದಿಕೆಯಿಂದಲ್ಲ, ಆಸ್ಪತ್ರೆಯಿಂದ.