ಆಕ್ಸಲ್ ನಡುವಿನ ಉಬ್ಬು

ಲಾರಿಯ ಹಿಂದೆ ಬಗ್ಗಿ ನೋಡಿದರೆ ಚಕ್ರಗಳ ನಡುವೆ ಗ್ರೀಸು, ಧೂಳು ಮೆತ್ತಿದ ದಪ್ಪ ಉಬ್ಬೊಂದು ಕಾಣುತ್ತದೆ. ಅದರೊಳಗಿದೆ ಡಿಫರೆನ್ಷಿಯಲ್. ವಾಹನದಲ್ಲಿ ಎಂಜಿನ್‌ಗಿಂತಲೂ ನನಗೆ ಇಷ್ಟವಾದ ಭಾಗ ಇದು.

ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ದೂರ ಓಡಬೇಕು. ಫ್ರಾನ್ಸಿನ ಒನೆಸಿಫೋರ್ ಪೆಕ್ಯೂರ್ 1820ರ ದಶಕದಲ್ಲೇ ಉಗಿಬಂಡಿಗಾಗಿ ಇದಕ್ಕೆ ದಾರಿ ಕಂಡುಕೊಂಡಿದ್ದ. ನೆಟ್ಟಗೆ ಹೋಗುವಾಗ ಒಳಗಿನ ಪುಟ್ಟ ಗಿಯರ್‌ಗಳು ಕ್ರೌನ್ ವೀಲ್ ಜತೆ ಸುಮ್ಮನೆ ಸುತ್ತುತ್ತವೆ. ತಿರುವು ಬಂದ ಕೂಡಲೇ ತಾವೂ ಉರುಳಿ, ಒಂದು ಚಕ್ರದಲ್ಲಿ ಕಡಿಮೆಯಾದ ವೇಗವನ್ನು ಇನ್ನೊಂದಕ್ಕೆ ಸೇರಿಸುತ್ತವೆ. ಸೆನ್ಸರ್ ಇಲ್ಲ, ಕಂಪ್ಯೂಟರ್ ಇಲ್ಲ. ಡಾಂಬರು ರಸ್ತೆಗೆ ‘ಓಪನ್’ ಎನ್ನುವ ಈ ಸರಳ ಬಗೆಯೇ ಸಾಕು.

ಮಳೆಗಾಲದ ಮಲೆನಾಡಿನ ತೋಟದ ದಾರಿಯಲ್ಲಿ ಮಾತ್ರ ಇದರ ಇನ್ನೊಂದು ಗುಣ ತೊಡಕು. ಇದು ಎರಡೂ ಕಡೆಗೆ ಸಮ ಬಲ ಹಂಚುತ್ತದೆ. ಕೆಸರಿನ ಚಕ್ರ ಎಷ್ಟು ಬಲ ತಾಳುತ್ತದೋ ಗಟ್ಟಿ ನೆಲದ ಚಕ್ರಕ್ಕೂ ಅಷ್ಟೇ. ಒಂದು ಗಿರ್ರನೆ ಸುತ್ತಿ ಕೆಸರೆರಚುತ್ತದೆ, ಇನ್ನೊಂದು ಅಲುಗದು. ಅಲ್ಲಿ ಬೇಕಾದ್ದು ಲಾಕರ್. ಎರಡೂ ಚಕ್ರ ಒಂದೇ ವೇಗಕ್ಕೆ ಬಿಗಿದುಕೊಂಡು, ಹಿಡಿತವಿರುವುದು ಜೀಪನ್ನು ಮೇಲೆತ್ತುತ್ತದೆ. ಡಾಂಬರಿಗೆ ಬಂದ ಮೇಲೆ ಬಿಡಿಸಲೇಬೇಕು, ಇಲ್ಲವೇ ತಿರುವುಗಳಲ್ಲಿ ಟೈರು ಉಜ್ಜಿಹೋಗುತ್ತದೆ.

ಓಪನ್, ಲಾಕರ್ ಎರಡರ ನಡುವಿನದು ಲಿಮಿಟೆಡ್ ಸ್ಲಿಪ್. ಕ್ಲಚ್ ಪ್ಲೇಟಿನ ಬಗೆ ಒಳ್ಳೆಯದೇ, ಆದರೆ ಪ್ಲೇಟು ಸವೆಯುತ್ತದೆ. ನನ್ನ ಮನಸ್ಸು ಟಾರ್ಸನ್ ಕಡೆಗೆ. ಗಿಯರ್ ಹಲ್ಲುಗಳ ಘರ್ಷಣೆಯಿಂದಲೇ ಅದು ಹಿಡಿತವಿರುವ ಚಕ್ರಕ್ಕೆ ಹೆಚ್ಚು ಬಲ ಹಾಯಿಸುತ್ತದೆ. ಒಂದು ಚಕ್ರ ಪೂರ್ತಿ ಗಾಳಿಯಲ್ಲಿ ತೂಗಿದರೆ ಅದಕ್ಕೂ ಕೈಲಾಗದು. ಆಗ ಬ್ರೇಕನ್ನು ಮೆಲ್ಲಗೆ ಅದುಮಬೇಕು. ಗಾಳಿಯ ಚಕ್ರಕ್ಕೆ ತಡೆ ಸಿಕ್ಕಿ, ಅದರ ಕೆಲವು ಪಟ್ಟು ಬಲ ನೆಲದ ಚಕ್ರಕ್ಕೆ ಹರಿಯುತ್ತದೆ.